ನೊರ್ಮತನ ಒಂಬೈನೂರು ಹೆಜ್ಜೆ

ಚುಸ್ತ್ ಊರಿನಲ್ಲಿ ಚಾಕುವಿಗೆ ಹಿಡಿ ಕೂರಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಲ್ಲಂಗಡಿ ತೂಗುವ ಕಾಟಾದ ಮೇಲೆ ನಿಂತು ಇಳಿದವನು ನೊರ್ಮತ್ ಒಬ್ಬನೇ. ಆಸ್ಪತ್ರೆಯ ತೂಕದ ಯಂತ್ರ ನೂರೈವತ್ತು ಕಿಲೋಗೆ ಮುಗಿಯುತ್ತಿತ್ತು. ನೊರ್ಮತ್ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸರಿ, ಬಜಾರಿಗೆ ಕರೆದುಕೊಂಡು ಹೋಗಿ ಹಣ್ಣಿನ ಲಾರಿಗಳ ಪಕ್ಕ ನಿಲ್ಲಿಸಿದರು. ನೂರ ಅರವತ್ತೆಂಟು. ಹಣ್ಣಿನವನು ಕಾಟಾದ ಮುಳ್ಳನ್ನೂ ನೊರ್ಮತನ ಹೊಟ್ಟೆಯನ್ನೂ ನೋಡಿ, "ಇದನ್ನ ಕೊಯ್ದು ತೋರಿಸೋದೇನೂ ಬೇಡ, ಹಣ್ಣಾಗಿರೋದು ಹೊರಗೇ ಕಾಣ್ತದೆ" ಅಂದ. ಬಜಾರು ನಕ್ಕಿತು. ನೊರ್ಮತನೂ ನಕ್ಕ. ಅವನ ಕೆಟ್ಟ ಗುಣವೇ ಅದು. ತನ್ನನ್ನು ಹೊಡೆದವನ ಜೊತೆ ಸೇರಿ ತಾನೂ ತನ್ನನ್ನು ಹೊಡೆಯುತ್ತಿದ್ದ.

ವಯಸ್ಸು ನಲವತ್ತೇಳು. ಬೆಳಗಿನಿಂದ ಸಂಜೆಯವರೆಗೆ ಗಿಡ್ಡ ಮಣೆಯ ಮೇಲೆ ಕೂತು ಏಪ್ರಿಕಾಟ್ ಮರದ ತುಂಡನ್ನೋ ಟಗರಿನ ಕೊಂಬನ್ನೋ ಉಜ್ಜುವುದು ಕೆಲಸ. ಕೈ ಮಾತ್ರ ಬಂಗಾರದ್ದು. ಆ ಕೈಯಿಂದ ಹೊರಗೆ ಬಂದ ಹಿಡಿ ಹಿಡಿದರೆ ಚಾಕು ತಾನಾಗಿ ಈರುಳ್ಳಿ ಹುಡುಕಿಕೊಂಡು ಹೋಗುತ್ತದೆ ಅನ್ನುತ್ತಾರೆ. ಉಳಿದ ಮೈಯನ್ನು ಅವನು ಕೆಲಸಕ್ಕೆ ಹಚ್ಚಿದ್ದೇ ಇಲ್ಲ. ಗುರುವಾರಕ್ಕೊಮ್ಮೆ ಹನ್ನೆರಡು ಗೆಳೆಯರು ಒಬ್ಬೊಬ್ಬರ ಮನೆಯಲ್ಲಿ ಸರದಿಯ ಪ್ರಕಾರ ಪಲಾವಿಗೆ ಸೇರುತ್ತಿದ್ದರು. ಹನ್ನೊಂದು ಜನ ಮಾತಾಡುತ್ತಿದ್ದರು, ನೊರ್ಮತ್ ಕೇಳಿಸಿಕೊಳ್ಳುತ್ತಿದ್ದ. ಮಾತಾಡುವವನ ಬಾಯಿಗೆ ಬಿಡುವಿಲ್ಲ, ಕೇಳುವವನ ಬಾಯಿ ಪೂರ್ತಿ ಖಾಲಿ. ತಟ್ಟೆಯ ಮೇಲಿನ ಕುರಿಬಾಲದ ಕೊಬ್ಬಿನ ಚೂರುಗಳೆಲ್ಲ ಒಂದೊಂದಾಗಿ ಆ ಖಾಲಿ ಜಾಗಕ್ಕೆ ಹೋಗುತ್ತಿದ್ದವು.

ಅವನ ತಾಯಿ ರಿಸೊಲತ್. ಮೊಹಲ್ಲಾಕ್ಕೆಲ್ಲ ಅವರು ಬುವಿ, ಅಂದರೆ ಅಜ್ಜಿ. ಎಂಬತ್ತೊಂದು ವಯಸ್ಸು, ನಲವತ್ತಮೂರು ಕಿಲೋ. ಆ ನಲವತ್ತಮೂರರಲ್ಲಿ ನಾಲಿಗೆಯೇ ಹತ್ತಾದರೂ ತೂಗಬೇಕು.

ಕಥೆ ಶುರುವಾದದ್ದು ಬುವಿಯ ಅಣ್ಣ ತೀರಿಕೊಂಡ ದಿನ. ಅವರಿಗೆ ಗಂಡು ಮಕ್ಕಳಿರಲಿಲ್ಲ. ಮಗನ ಜಾಗದಲ್ಲಿ ನೊರ್ಮತನೇ ನಿಲ್ಲಬೇಕಿತ್ತು. ಮಗನ ಜಾಗ ಅಂದರೆ ಹತ್ತಿ ತುಂಬಿದ ನಿಲುವಂಗಿ ತೊಟ್ಟು, ನಡುವಿಗೆ ವಸ್ತ್ರ ಬಿಗಿದು, ಕೈಯಲ್ಲಿ ಊರುಗೋಲು ಹಿಡಿದು, ಗೋಳಾಡುತ್ತಾ ಶವದ ಮುಂದೆ ನಡೆಯುವುದು. ಹಿಂದೆ ಗಂಡಸರು ಹೆಗಲು ಬದಲಿಸುತ್ತಾ ಚಟ್ಟ ಹೊತ್ತು ಬೇಗ ಬೇಗ ಬರುತ್ತಾರೆ. ನಮ್ಮಲ್ಲಿ ಶವವನ್ನು ಕಾಯಿಸುವುದಿಲ್ಲ. ನೊರ್ಮತ್ ಐದು ಮನೆ ದಾಟಿದ. ಆರನೆಯ ಮನೆಯ ಗೋಡೆಗೆ ಒರಗಿದ. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಯಾರೋ ಸೊಪ್ಪಿನ ವ್ಯಾನು ತಂದರು, ನಾಲ್ಕು ಜನ ಸೇರಿ ಒಳಗೆ ತುಂಬಿದರು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಯ್ಯೋ ಮಾವ, ಅಯ್ಯೋ ನನ್ನ ಮಾವ" ಎಂದು ಅಳುತ್ತಾ ಶವದ ಹಿಂದೆ ಹೋದ. ವ್ಯಾನಿನ ಮೇಲೆ ಕೊತ್ತಂಬರಿ ಕಟ್ಟುಗಳು ಹಾಗೇ ಇದ್ದವು.

ಹೆಂಗಸರು ಖಬರಸ್ತಾನಕ್ಕೆ ಹೋಗುವಂತಿಲ್ಲ. ಅಂಗಳದಲ್ಲಿ ಕೂತು, ಹೋಗಿ ಬಂದವರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಬುವಿ ಕೇಳಿ ತಿಳಿದುಕೊಂಡರು. ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಮಗನ ಎದುರು ಕೂತರು.

"ನೊರ್ಮತ್."

"ಏನವ್ವ?"

"ನಾನು ಸತ್ತಾಗ ಆ ವ್ಯಾನಲ್ಲಿ ಮೂಲಂಗಿ ಹಾಕಿರ್ತಾರೋ, ಈರುಳ್ಳಿ ಹಾಕಿರ್ತಾರೋ?"

ನೊರ್ಮತ್ ತಲೆ ತಗ್ಗಿಸಿದ.

"ಅಲ್ಲ, ಗೊತ್ತಿರಲಿ ಅಂತ ಕೇಳಿದೆ. ಮುಂದೆ ಅಳೋ ಮಗ ಇರಬೇಕಾದ ಕಡೆ ಹಿಂದೆ ಸೊಪ್ಪಿನೋನು ಕೂಗ್ತಾ ಬಂದ್ರೆ, ಮೇಲೆ ಲೆಕ್ಕ ಕೇಳೋ ದೇವದೂತರು ನನ್ನನ್ನ ಏನಂತ ಬರ್ಕೋಬೇಕು? ತರಕಾರಿ ಅಂತಲಾ?"

"ಅವ್ವ, ನೀವು ನೂರು ವರ್ಷ ಬದುಕ್ತೀರಿ."

"ನಿನ್ನ ಕಾಲಿಗೋಸ್ಕರ ನಾನು ನೂರು ವರ್ಷ ಬದುಕಲ್ಲ. ನಮ್ಮನೆ ಬಾಗಿಲಿಂದ ಗುಡ್ಡದ ಗೋರಿ ತನಕ ಒಂಬೈನೂರು ಹೆಜ್ಜೆ. ನಿಮ್ಮಪ್ಪ ಹೋದಾಗ ನಿಮ್ಮ ಚಿಕ್ಕಪ್ಪನ ಹತ್ರ ಎಣಿಸಿ ಹೇಳು ಅಂದಿದ್ದೆ. ಒಂಬೈನೂರು. ನಿನ್ನ ಕಾಲ ಮೇಲೆ ನೀನು ಬಂದ್ರೆ ನನ್ನ ಮಗ. ಇಲ್ಲಾಂದ್ರೆ ಮನೇಲೇ ಇರು, ಪಲಾವ್ ತಿನ್ನು, ಬೇರೆಯೋರು ಹೊರ್ತಾರೆ."

ಅಷ್ಟು ಹೇಳಿ ರೊಟ್ಟಿ ಮುರಿದು ಅವನ ಮುಂದೆ ಹಾಕಿದರು. ಜೀವಮಾನದಲ್ಲಿ ಮೊದಲ ಸಲ ನೊರ್ಮತ್ ರೊಟ್ಟಿಯನ್ನು ನೋಡಿ ಸುಮ್ಮನೆ ಕೂತ.

ಈ ಸುದ್ದಿ ಮಧ್ಯಾಹ್ನದೊಳಗೆ ಚಾಯ್‌ಖಾನೆ ಮುಟ್ಟಿತು. ಅಲ್ಲಿ ಬೋರಿ ಪೈಲ್ವಾನ್ ಇದ್ದ. ಮೂವತ್ತು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ಕುಸ್ತಿ ಗೆದ್ದು ಒಂದು ಟಗರು ಪಡೆದಿದ್ದ. ಆ ಟಗರನ್ನು ತಿಂದು ಮುಗಿಸಿದರು. ಅದರ ಕಥೆ ಮಾತ್ರ ಇವತ್ತಿಗೂ ಮುಗಿದಿಲ್ಲ. ಮೈಯಲ್ಲಿ ಉಳಿದದ್ದು ದಪ್ಪ ಕುತ್ತಿಗೆ ಒಂದೇ. ಅದನ್ನೇ ತಿರುಗಿಸುತ್ತಾ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ.

"ಲೋ ನೊರ್ಮತ್, ನನ್ನ ಕೈಗೆ ಕೊಡು ನಿನ್ನ ಮೈನ" ಅಂದ. "ನಲವತ್ತು ದಿನ. ಕರಗಿಸಿ ಕೈಗೆ ಕೊಡ್ತೀನಿ."

ಅದು ಬೇಸಿಗೆಯ ನಡುವಿನ ನಲವತ್ತು ದಿನದ ಕಾಲ. ಆ ದಿನಗಳಲ್ಲಿ ನಮ್ಮ ಕಡೆ ನಾಯಿ ಕೂಡ ನೆರಳು ಬಿಟ್ಟು ನಡೆಯುವುದಿಲ್ಲ. ನಮ್ಮ ಪೈಲ್ವಾನರ ಶಾಸ್ತ್ರದಲ್ಲಿ ಇಳಿಯಬೇಕಾದದ್ದೆಲ್ಲ ಬೆವರಿನಲ್ಲೇ ಇಳಿಯಬೇಕು. ಬೋರಿ ನೊರ್ಮತನ ಮೈಮೇಲೆ ಒಂದಲ್ಲ, ಎರಡು ಹತ್ತಿಯ ನಿಲುವಂಗಿ ಹಾಕಿಸಿದ. ಮೇಲೆ ನಡುವಸ್ತ್ರವನ್ನು ತಾನೇ ಮೊಣಕಾಲು ಕೊಟ್ಟು ಎಳೆದು ಬಿಗಿದ. ನೀರು ಕುಡಿಯಬಾರದು ಅಂದ. ಕುಡಿದರೆ ಇಳಿದದ್ದು ಮತ್ತೆ ಏರುತ್ತದಂತೆ. ಕಾಲಿಗೆ ರಬ್ಬರಿನ ಚಡಾವು. ಹಾಗೆ ಗುಡ್ಡದ ದಾರಿಯಲ್ಲಿ ಓಡು ಅಂದ.

ಓಟ ಅಂದರೆ ಓಟವೇ. ನಾವೆಲ್ಲ ಚಾಯ್‌ಖಾನೆಯ ನೆರಳಿನಲ್ಲಿ ಕೂತು ಹಸಿರು ಚಹಾ ಹೀರುತ್ತಾ ನೋಡಿದೆವು. ನಾವೂ ಅಷ್ಟೇ ಯೋಗ್ಯರು. ಒಬ್ಬ, "ಹಾಸಿಗೆ ಗಂಟು ಓಡಿ ಹೋಗ್ತಿದೆ, ಹಿಡ್ಕೊಳ್ರೋ" ಅಂದ. ಇನ್ನೊಬ್ಬ, "ಪೈಲ್ವಾನರೇ, ಟಗರನ್ನ ಗೆದ್ದದ್ದು ಸರಿ, ಆನೆ ಯಾಕೆ ಬೇಕಿತ್ತು?" ಅಂದ.

"ನಗಿ, ನಗಿ" ಅಂದ ಬೋರಿ. "ನೋವಾದ್ರೆ ಒಳ್ಳೇದು. ನೋವು ಅಂದ್ರೆ ಕೊಬ್ಬು ಅಳ್ತಾ ಇದೆ ಅಂತ."

ಮೊದಲ ದಿನ ಓಡಿಸಿದ. ಎರಡನೆಯ ದಿನ ಕಪ್ಪೆಯ ಹಾಗೆ ಕುಪ್ಪಳಿಸಲು ಹಚ್ಚಿದ. ಮೂರನೆಯ ದಿನ ಕುಪ್ಪಳಿಸಿದ ನೊರ್ಮತ್ ಕೆಳಗೆ ಬರುವಾಗ ಎಡ ಮೊಣಕಾಲು ಒಂದು ದಿಕ್ಕಿಗೆ ಹೋಯಿತು, ಅವನು ಇನ್ನೊಂದು ದಿಕ್ಕಿಗೆ ಹೋದ. ಬಿದ್ದವನು ಎದ್ದೇಳಲಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಮೈ ಕಾದ ಬಾಣಲೆಯಾಗಿತ್ತು, ಬೆವರು ನಿಂತೇ ಹೋಗಿತ್ತು. ಚಾಯ್‌ಖಾನೆಯವನು ನಿಲುವಂಗಿ ಬಿಚ್ಚಿ ನೀರು ಸುರಿಯದಿದ್ದರೆ, ಬುವಿ ಮಗನಿಗಿಂತ ಮುಂಚೆ ಹೋಗಬೇಕಾದದ್ದು ತಿರುವುಮುರುವಾಗುತ್ತಿತ್ತು.

ಬೋರಿ ಏನಂದ ಗೊತ್ತೇ? "ಹೆಂಗಸರ ಮೊಣಕಾಲು ಇದು. ನನ್ನ ತಪ್ಪಲ್ಲ." ಅಷ್ಟು ಹೇಳಿ ತನ್ನ ಚಹಾ ಮುಗಿಸಿದ.

ಮೊಣಕಾಲು ಕುಂಬಳಕಾಯಿಯಷ್ಟು ಊದಿತು. ಊರಿನ ವೈದ್ಯಶಾಸ್ತ್ರ ಅದಕ್ಕೆ ಕುರಿಬಾಲದ ಕೊಬ್ಬು ಕಟ್ಟಿತು. ಒಂದು ವಾರ ಬೆಕ್ಕುಗಳು ಅವನ ಮಂಚ ಬಿಟ್ಟು ಕದಲಲಿಲ್ಲ. ಆರು ವಾರ ಮಲಗಿದ. ರೋಗಿಯನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದುಂಟೇ? ಒಬ್ಬರು ಸಮೋಸಾ, ಒಬ್ಬರು ಹಾಲಿನ ಕೆನೆ, ಒಬ್ಬರು ಹಲ್ವಾ. ಕೊಬ್ಬು ಅಳುತ್ತದೆ ಅಂದಿದ್ದನಲ್ಲ ಬೋರಿ. ಕಣ್ಣೀರು ಒರೆಸಿಕೊಂಡು ನಾಲ್ಕು ಕಿಲೋ ನೆಂಟರನ್ನು ಕರೆದುಕೊಂಡು ಬಂತು.

ಬುವಿ ಮಂಚದ ಪಕ್ಕ ಬಂದು ನಿಂತರು. "ಐದು ಮನೆ ನಡೀತಿದ್ದೆ. ಈಗ ಪಾಯಿಖಾನೆಗೂ ಇಬ್ಬರು ಬೇಕು. ಭಾರಿ ಪೈಲ್ವಾನನ ಹಿಡಿದ್ಯಪ್ಪ." ಆಮೇಲೆ ಸೊಸೆ ಇನೊಬತ್ ಕಡೆ ತಿರುಗಿ, "ನಾಳೆ ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು. ಕುಸ್ತಿಯಲ್ಲಿ ಏನೂ ಗೆಲ್ಲದೇ ಇರೋರನ್ನ ಹುಡುಕು" ಅಂದರು.

ಸಿಕ್ಕವಳು ಮವ್ಜುದಾ. ಮುರಿದ ಕೈಕಾಲುಗಳನ್ನು ಮತ್ತೆ ಪಳಗಿಸುವ ಕೋಣೆಯ ನರ್ಸು. ನೊರ್ಮತನ ತೋಳಿನ ಎತ್ತರಕ್ಕೆ ಬರುತ್ತಿದ್ದಳು. ದಿನವಿಡೀ ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆಯನ್ನು ಕಾಗದದ ಪೊಟ್ಟಣಕ್ಕೆ ಉಗುಳುತ್ತಿದ್ದಳು. ಮೊದಲು ಅವನನ್ನು ಹೃದಯದ ಡಾಕ್ಟರ ಹತ್ತಿರ ಅಟ್ಟಿ, ರಕ್ತದ ಒತ್ತಡ, ಸಕ್ಕರೆ ಎಲ್ಲ ಬರೆಸಿಕೊಂಡು ಬನ್ನಿ ಅಂದಳು. ಆ ಚೀಟಿ ಓದಿದ ಮೇಲೆಯೇ ಮೊಣಕಾಲು ಮುಟ್ಟಿದಳು.

"ನೊರ್ಮತ್ ಅಕಾ" ಅಂದಳು. ನಮ್ಮಲ್ಲಿ ಅಣ್ಣನಿಗೆ ಅಕಾ ಅನ್ನುತ್ತಾರೆ. "ನಿಮ್ಮ ಮೊಣಕಾಲು ಎಷ್ಟು ಭಾರ ಹೊರ್ತದೆ ಗೊತ್ತಾ?"

"ನೂರ ಎಪ್ಪತ್ತೆರಡು."

"ಅದು ನೀವು ಸುಮ್ಮನೆ ನಿಂತಾಗ. ನಡೆದ್ರೆ ಅದರ ಎರಡರಷ್ಟು, ಮೂರರಷ್ಟು. ಕುಪ್ಪಳಿಸಿದ್ರೆ ಲೆಕ್ಕವೇ ಇಲ್ಲ. ಯಾವ ಕತ್ತೆ ನಿಮ್ಮನ್ನ ಕುಪ್ಪಳಿಸೋಕೆ ಹಚ್ಚಿದ್ದು?"

"ಬೋರಿ ಪೈಲ್ವಾನರು."

"ಕತ್ತೆಗಾದ್ರೆ ಭಾರ ಅಂದ್ರೇನು ಅಂತ ಗೊತ್ತಿರ್ತದೆ."

ಆರಂಭ ನಗೆಪಾಟಲಾಗಿಯೇ ಇತ್ತು. ಕುರ್ಚಿಯ ಮೇಲೆ ಕೂತು ಕಾಲು ನೀಡು, ಐದು ಎಣಿಸು, ಇಳಿಸು. ಗೋಡೆ ಹಿಡಿದು ಹಿಮ್ಮಡಿ ಎತ್ತು. ಎತ್ತರದ ಮಂಚದಿಂದ ಕೈ ಊರದೆ ಎದ್ದೇಳು, ಮತ್ತೆ ಮೆಲ್ಲಗೆ ಕೂರು. ಧೊಪ್ಪನೆ ಬಿದ್ದರೆ ಲೆಕ್ಕಕ್ಕಿಲ್ಲ. ಇದಾದ ಎರಡು ವಾರಕ್ಕೆ ಕಾಲುವೆ. ಗಿರಣಿಯ ಹತ್ತಿರ ಅದು ಅಗಲವಾಗಿ, ಎದೆಯವರೆಗೆ ನಿಂತು, ಬಿಸಿಲಿಗೆ ಬೆಚ್ಚಗಾಗುತ್ತದೆ. ಆ ನೀರಿನಲ್ಲಿ ನಡೆಯಿರಿ ಅಂದಳು. ನೀರು ಅವನ ಭಾರವನ್ನು ಎತ್ತಿಕೊಳ್ಳುತ್ತದೆ. ಮೊಣಕಾಲಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ಮೊಹಲ್ಲಾ ಸುಮ್ಮನಿರುತ್ತದೆಯೇ. "ಇವತ್ತು ನೊರ್ಮತ್ ಇಳಿದಿದ್ದಾನೆ, ಕೆಳಗಿನ ಹತ್ತಿ ಹೊಲಕ್ಕೆ ನೀರು ಬರ್ತಿಲ್ಲ" ಎಂದು ಒಬ್ಬ. ಬೋರಿಯಂತೂ ಸೇತುವೆಯ ಮೇಲೆ ನಿಂತು, "ಇದು ವ್ಯಾಯಾಮ ಅಲ್ಲ ಕಣೋ, ಎಮ್ಮೆ ಮೀಯೋದು" ಎಂದು ಅವನ ಕಿವಿಗೆ ಬೀಳುವ ಹಾಗೆ ಹೇಳಿ ಹೋಗುತ್ತಿದ್ದ. ಆದರೆ ಆ ನೀರಿನಲ್ಲಿ ನೊರ್ಮತ್ ಅರ್ಧ ಗಂಟೆ ನಡೆಯುತ್ತಿದ್ದ. ಒಣನೆಲದ ಮೇಲೆ ಅರ್ಧ ಗಂಟೆ ನಿಂತಿದ್ದೂ ಅವನಿಗೆ ನೆನಪಿರಲಿಲ್ಲ.

ಶರತ್ಕಾಲಕ್ಕೆ ನೆಲದ ಮೇಲೆ ನಡಿಗೆ. ಚಡಾವು ಬಿಟ್ಟು ಮೆತ್ತನೆ ಅಡಿಯ ಬೂಟು. ಒಳತೊಡೆ ಒಂದಕ್ಕೊಂದು ಉಜ್ಜಿ ಹುಣ್ಣಾಗುವುದನ್ನು ಅವನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಮವ್ಜುದಾ ನಡಿಗೆ ನೋಡಿಯೇ ಕಂಡುಹಿಡಿದು, ಮೈಗಂಟುವ ಉದ್ದ ಹತ್ತಿ ಚಡ್ಡಿ ಹೊಲಿಸಿಕೊಳ್ಳಿ, ವ್ಯಾಸಲೀನ್ ಹಚ್ಚಿ ಅಂದಳು. ಆಮೇಲೆ ಒಂದು ಮಾತು ಹೇಳಿಕೊಟ್ಟಳು. "ನಡೀತಾ ಒಂದು ಪೂರ್ತಿ ಮಾತು ಆಡಿ. ಮಧ್ಯೆ ಉಸಿರಿಗೆ ನಿಲ್ಲಬೇಕಾಗಿ ಬಂದ್ರೆ ನೀವು ಜೋರಾಗಿ ಹೋಗ್ತಿದೀರಿ ಅಂತ. ಮೈ ನೋಯೋದು ಬೇರೆ, ಚುಚ್ಚೋದು ಬೇರೆ. ಚುಚ್ಚಿದ ಕೂಡಲೇ ನಿಂತುಬಿಡಿ, ಬಾದಶಾ ಬಂದ್ರೂ ನಿಂತುಬಿಡಿ. ಸುಸ್ತಾಗೋಕೆ ಮುಂಚೆ ಕೂರಿ, ಆದ್ಮೇಲೆ ಅಲ್ಲ."

ಕೂರುವುದಕ್ಕೆ ನಮ್ಮಲ್ಲಿ ಕೊರತೆಯೇ? ಪ್ರತಿ ಮನೆಯ ಬಾಗಿಲಿಗೂ ಒಂದು ಜಗುಲಿಕಟ್ಟೆ ಇದೆ. ನೊರ್ಮತ್ ಐದು ಮನೆ ನಡೆದು ಕೂರುವುದು, ಮತ್ತೆ ಐದು ಮನೆ ನಡೆದು ಕೂರುವುದು, ಹೀಗೆ ನಿಶ್ಚಯ ಮಾಡಿಕೊಂಡ. ಒಂದು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳ ಕೊನೆಗೆ ಕಾಟಾದ ಮೇಲೆ ಮೂರು ಕಿಲೋ ಏರಿದ್ದ.

ಮವ್ಜುದಾ ಬೀಜ ಕಚ್ಚುವುದನ್ನು ನಿಲ್ಲಿಸಿದಳು. "ಏನು ತಿಂತಿದೀರಿ?"

"ಮನೇಲಿ ಏನೂ ಇಲ್ಲ. ಅವ್ವ ತಟ್ಟೆ ಅಳೆದು ಕೊಡ್ತಾರೆ."

"ಬೀದೀಲಿ?"

ಬಾಗಿಲಲ್ಲಿ ಕೂತವನಿಗೆ ಚಹಾ ಕೊಡದ ಮನೆ ನಮ್ಮಲ್ಲಿ ಇಲ್ಲ. ಚಹಾದ ಜೊತೆ ಕಲ್ಲುಸಕ್ಕರೆ, ಒಣದ್ರಾಕ್ಷಿ, ತಂದೂರಿನಿಂದ ಈಗಷ್ಟೇ ತೆಗೆದ ರೊಟ್ಟಿ. ರೊಟ್ಟಿ ಮುಂದಿಟ್ಟ ಮೇಲೆ ಒಂದು ಚೂರಾದರೂ ಮುರಿಯದೆ ಎದ್ದರೆ ಆ ಮನೆಗೆ ಶಾಪ ಹಾಕಿದ ಹಾಗೆ. ಐದು ಮನೆಗೊಂದು ಕಟ್ಟೆ, ಕಟ್ಟೆಗೊಂದು ರೊಟ್ಟಿ. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಮದುವೆಯೂಟ ಮುಗಿದಿರುತ್ತಿತ್ತು. ಅದರಲ್ಲೂ ಕೆಲವರು ಬೇಕಂತಲೇ ಕೆನೆ ತಂದಿಡುತ್ತಿದ್ದರು. "ನಡೆದು ಸುಸ್ತಾಗಿದೀಯಾ, ತಿನ್ನಪ್ಪ" ಎಂದು ಬಾಯಲ್ಲಿ. ಅವನು ಎದ್ದು ಹೋದ ಮೇಲೆ ಬಾಗಿಲ ಸಂದಿಯಲ್ಲಿ ಕಿಸಕ್ಕನೆ ನಗು. ಉಪಚಾರ ಮಾಡಿಯೂ ಒಬ್ಬನನ್ನು ಕೊಲ್ಲಬಹುದು. ಆ ವಿದ್ಯೆ ನಮ್ಮವರಿಗೆ ಚೆನ್ನಾಗಿ ಒಲಿದಿದೆ.

"ಹಾಗಾದ್ರೆ ನಿಮ್ಮ ಕುರ್ಚಿ ನೀವೇ ಹೊರಿ" ಅಂದಳು ಮವ್ಜುದಾ.

ಮಡಿಸುವ ಸ್ಟೂಲೊಂದನ್ನು ನೊರ್ಮತ್ ತಾನೇ ಮಾಡಿಕೊಂಡ, ದಪ್ಪ ಮಲ್ಬರಿ ಮರದ್ದು. ನಡೆಯುವುದು, ಬೀದಿಯ ಮಧ್ಯೆ ಸ್ಟೂಲು ಬಿಚ್ಚಿ ಕೂರುವುದು, ಉಸಿರು ತಿರುಗಿದ ಮೇಲೆ ಮಡಿಸಿಕೊಂಡು ಹೊರಡುವುದು. ಅಷ್ಟೇ. ಆದರೆ ಅದು ಮೊಹಲ್ಲಾದ ಮೂಗು ಕೊಯ್ದಿತು. ಕಟ್ಟೆ ಇದ್ದರೂ ಕಟ್ಟೆಗೆ ಬೆನ್ನು ಮಾಡಿ ಸ್ವಂತ ಸ್ಟೂಲಿನ ಮೇಲೆ ಕೂತನಲ್ಲ. ಇವರ ಮನೆಯಲ್ಲಿ ಪ್ಲೇಗೇ, ಇವರ ರೊಟ್ಟಿಯಲ್ಲಿ ವಿಷವೇ? ನಾಲ್ಕನೆಯ ದಿನ ಮೊಹಲ್ಲಾದ ಹಿರಿಯರು ಮೂವರು ಬುವಿಯ ಅಂಗಳಕ್ಕೆ ಬಂದರು. ಬೋರಿಯೂ ಜೊತೆಗಿದ್ದ, ಯಾರೂ ಕರೆಯದಿದ್ದರೂ.

ಎಲ್ಲರಿಗಿಂತ ಹಿರಿಯರು ಗಡ್ಡ ನೀವಿಕೊಂಡು, "ರಿಸೊಲತ್ ಬುವಿ, ನಿಮ್ಮ ಮಗ ನಮ್ಮ ಬಾಗಿಲ ಮುಂದೆ ಬಸ್ ಸ್ಟ್ಯಾಂಡಲ್ಲಿ ಕೂತ ಹಾಗೆ ಕೂರ್ತಾನೆ. ನಮ್ಮ ಮರ್ಯಾದೆ ಏನಾಗ್ಬೇಕು?" ಅಂದರು.

ಬುವಿ ಬಾಗಿದ ಬೆನ್ನನ್ನು ಊರುಗೋಲಿನ ಮೇಲೆ ನಿಲ್ಲಿಸಿದರು. "ನಿಮ್ಮ ಮರ್ಯಾದೆ ತಿಂದು ತಿಂದೇ ಅವನು ಈ ಗಾತ್ರಕ್ಕೆ ಬಂದಿದ್ದು."

"ಹಾಗಂದ್ರೆ ಹೇಗೆ. ಅನ್ನ ಕೊಡೋದು ತಪ್ಪಾ?"

"ಹಸಿದೋನಿಗೆ ಕೊಟ್ರೆ ತಪ್ಪಲ್ಲ. ಹೋದ ವರ್ಷ ನಿಮ್ಮ ಪಕ್ಕದ್ಮನೆ ವಿಧವೆ ಹಸಿಟ್ಟು ಕಲಸ್ಕೊಂಡು ಕುಡೀತಿದ್ಲು. ಅವಳ ಬಾಗಿಲಿಗೆ ಯಾರ ಕೆನೆ ಹೋಗಿತ್ತು? ನನ್ನ ಮಗನಿಗೆ ಮಾತ್ರ ಕೆನೆ. ನೋಡಿ ನಗೋಕೆ."

ಮೂವರೂ ಗಡ್ಡ ನೀವಿಕೊಂಡರು. ಬೋರಿ ಮಾತ್ರ, "ಬುವಿ, ಗಂಡಸಾದೋನು ಸ್ಟೂಲು ಹೊತ್ಕೊಂಡು..." ಎಂದು ಶುರು ಮಾಡಿದ.

"ನೀನು ಬಾಯ್ಮುಚ್ಚು. ನಿನ್ನ ಟಗರು ಸತ್ತು ಮೂವತ್ತು ವರ್ಷ ಆಯ್ತು. ಅದರ ಬಾಯಿ ನಿನಗೆ ಯಾರು ಕೊಟ್ರು?" ಆಮೇಲೆ ಹಿರಿಯರ ಕಡೆ ತಿರುಗಿದರು. "ಕೇಳಿಸ್ಕೊಳ್ಳಿ. ಇವತ್ತಿಂದ ನಡಿಗೆ ಹೊತ್ತಲ್ಲಿ ನನ್ನ ಮಗನ ಮುಂದೆ ಯಾರು ರೊಟ್ಟಿ ಇಡ್ತಾರೋ ಅವರು ನನ್ನ ಸಾವಿನ ಪಲಾವಿಗೆ ಬರಬಾರದು. ಬಂದ್ರೂ ಬಡಿಸಬಾರದು. ಸೊಸೆಗೆ ಹೇಳಿಟ್ಟಿದೀನಿ."

ಸತ್ತವರ ಮನೆಯ ಪಲಾವಿಗೆ ಬರಬೇಡಿ ಎಂಬ ಮಾತನ್ನು ನಮ್ಮ ಊರು ಅದುವರೆಗೆ ಕೇಳಿರಲಿಲ್ಲ. ಹತ್ತು ವರ್ಷ ಮಾತು ಬಿಟ್ಟ ಶತ್ರುವೂ ಆ ಪಲಾವಿಗೆ ಬರುತ್ತಾನೆ, ಬರದಿದ್ದರೆ ಮುಂದೆ ಅವನ ಮನೆಗೆ ಯಾರು ಬರುತ್ತಾರೆ? ಮುದುಕಿ ಅಷ್ಟಕ್ಕೆ ನಿಲ್ಲಲಿಲ್ಲ. ಮಾರನೆಯ ದಿನ ಊರುಗೋಲು ಹಿಡಿದು ಮನೆಮನೆಯ ಬಾಗಿಲಿಗೂ ಹೋಗಿ ಅದನ್ನೇ ಹೇಳಿದರು. ಅವರಿಗೂ ಚಹಾ ತಂದರು, ಎಲ್ಲೂ ಕೂರಲಿಲ್ಲ. ಅವತ್ತಿನಿಂದ ನೊರ್ಮತ್ ಸ್ಟೂಲು ಬಿಚ್ಚಿದ ಕೂಡಲೇ ಆ ಮನೆಯವರು ಬಾಗಿಲು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಅವನ ಮೇಲಿನ ಪ್ರೀತಿಯಿಂದಲ್ಲ, ಪಲಾವಿನ ಮೇಲಿನ ಭಯದಿಂದ.

ಗುರುವಾರದ ಗುಂಪನ್ನೂ ಅವನು ಬಿಟ್ಟ. ಹನ್ನೊಂದು ಗೆಳೆಯರಲ್ಲಿ ಒಬ್ಬನೂ ಯಾಕೆ ಬರುತ್ತಿಲ್ಲ ಎಂದು ಕೇಳಲು ಬರಲಿಲ್ಲ. ಕೊಬ್ಬಿನ ಚೂರು ಈಗ ಅವರಿಗೇ ಮಿಕ್ಕುತ್ತಿತ್ತು.

ಚಳಿಗಾಲ ಬಂತು. ನೆಲದ ಮೇಲೆ ಮಂಜುಗಡ್ಡೆ ಕಟ್ಟಿದ ದಿನ ಹೊರಗೆ ಕಾಲಿಡಬಾರದು ಎಂದು ಮವ್ಜುದಾ ಕಟ್ಟಪ್ಪಣೆ. ಆ ದಿನಗಳಲ್ಲಿ ಅವನು ಒಳಗೇ ಗೋಡೆ ಹಿಡಿದು ಹಿಮ್ಮಡಿ ಎತ್ತುತ್ತಿದ್ದ. ವಾರಕ್ಕೆ ಹತ್ತು ಹೆಜ್ಜೆ ಹೆಚ್ಚು, ಕೆಲವು ವಾರ ಅದೂ ಇಲ್ಲ. ಎರಡು ಸಲ ಮೊಣಕಾಲು ಚುಚ್ಚಿತು, ಎರಡು ಸಲವೂ ನಿಂತು ವಾಪಸು ಬಂದು ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿದ. ಒಂದು ಬೇಸಿಗೆ ಹೋಯಿತು, ಇನ್ನೊಂದು ಚಳಿಗಾಲವೂ ಹೋಯಿತು. ಕಾಟಾದ ಮುಳ್ಳು ನೂರ ನಲವತ್ತೊಂದಕ್ಕೆ ಬಂತು. ಊರಿಗೆ ಅದು ಕಾಣಲಿಲ್ಲ. ನೂರ ನಲವತ್ತೊಂದು ಕೂಡ ಊರಿನ ಕಣ್ಣಿಗೆ ಹಾಸಿಗೆ ಗಂಟೇ.

ಬುವಿ ಈಗ ಹೆಚ್ಚಾಗಿ ಮಲಗಿಯೇ ಇರುತ್ತಿದ್ದರು. ಸಂಜೆ ಅವನು ಬಂದ ಕೂಡಲೇ ಕೇಳುವರು.

"ಎಷ್ಟಾಯ್ತು?"

"ಏಳುನೂರು ಅವ್ವ. ಮಧ್ಯೆ ಒಂದೇ ಸಲ ಕೂತೆ."

"ಆಮೇಲಿನ ಇನ್ನೂರು?"

"ಅದು ಏರು. ಮವ್ಜುದಾ ಇನ್ನೂ ಬೇಡ ಅಂತಾಳೆ. ಎರಡು ತಿಂಗಳು ಬೇಕಂತೆ."

"ಎರಡು ತಿಂಗಳು" ಎಂದು ಬುವಿ ಛಾವಣಿ ನೋಡಿದರು. "ಪ್ರಾಣ ತಗೊಂಡು ಹೋಗೋಕೆ ಬಂದೋನಿಗೆ ಏನು ಹೇಳ್ಲಿ? ನನ್ನ ಮಗನ ಮೊಣಕಾಲಿಗೆ ನರ್ಸು ಚೀಟಿ ಕೊಟ್ಟಿಲ್ಲ, ಹೋಗಿ ಆಮೇಲೆ ಬಾ ಅಂತಲಾ?"

ಬಂದವನು ಕಾಯಲಿಲ್ಲ. ಮಾರ್ಚ್ ತಿಂಗಳ ನಡುವಿನಲ್ಲಿ, ಏಪ್ರಿಕಾಟ್ ಮರಗಳು ಹೂ ಬಿಟ್ಟಿದ್ದ ಒಂದು ಬೆಳಿಗ್ಗೆ, ಅರ್ಧ ಬಟ್ಟಲು ಚಹಾ ಕುಡಿದು ಬುವಿ ಕಣ್ಣು ಮುಚ್ಚಿದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೊರಡಬೇಕೆಂದಾಯಿತು.

ಅಂಗಳದಲ್ಲಿ ಬೋರಿ ಎಲ್ಲರಿಗೂ ಆಜ್ಞೆ ಕೊಡುತ್ತಿದ್ದ. ಚಟ್ಟದ ಮುಂದಿನ ಗಳು ತನ್ನದೇ ಅಂದ. ನೊರ್ಮತನನ್ನು ನೋಡಿ, "ವ್ಯಾನ್ ಹೇಳಿದೀನಿ. ಈ ಸಲ ತೊಳೆಸಿದೀನಿ ಕೂಡ" ಅಂದ. ಒಂದಿಬ್ಬರು ತುಟಿ ಕಚ್ಚಿಕೊಂಡರು, ಶವದ ಮುಂದೆ ನಗುವಂತಿರಲಿಲ್ಲವಲ್ಲ.

"ಬೇಡ" ಅಂದ ನೊರ್ಮತ್.

ನಿಲುವಂಗಿ ತೊಟ್ಟ, ತೆಳ್ಳನೆಯದು, ಒಂದೇ. ನಡುವಸ್ತ್ರವನ್ನು ಇನೊಬತ್ ಸಡಿಲವಾಗಿ ಕಟ್ಟಿದಳು. ಊರುಗೋಲು ಹಿಡಿದು ಮುಂದೆ ನಿಂತ.

ಹೊರಟಿತು. ಚಟ್ಟ ಬೇಗ ಹೋಗಬೇಕು, ಆದರೆ ಅಳುವ ಮಗನನ್ನು ದಾಟಿ ಹೋಗುವ ಪದ್ಧತಿಯೂ ಇಲ್ಲ. ನೊರ್ಮತ್ ತನ್ನ ನಡಿಗೆಯಲ್ಲೇ ನಡೆದ. "ಅಯ್ಯೋ ನನ್ನವ್ವ, ನನ್ನ ಬಾಗಿಲ ದೀಪ ಹೋಯ್ತಲ್ಲ" ಎಂದು ಅತ್ತ. ಆ ಮಾತು ಒಂದೇ ಉಸಿರಿನಲ್ಲಿ ಪೂರ್ತಿ ಬರುವಷ್ಟೇ ವೇಗ ಇಟ್ಟುಕೊಂಡ. ಬಾರದಿದ್ದರೆ ಹೆಜ್ಜೆ ಕುಗ್ಗಿಸಿದ. ಹಿಂದಿನಿಂದ ಬೋರಿ ಹಲ್ಲು ಕಚ್ಚಿ, "ನಡಿಯೋ, ನಡಿ, ಎತ್ತಿನ ಗಾಡಿ" ಅನ್ನುತ್ತಲೇ ಇದ್ದ. ಹೆಗಲ ಮೇಲೆ ನಲವತ್ತು ಕಿಲೋ ಇಲ್ಲದ ಮುದುಕಿ, ಅಷ್ಟಕ್ಕೇ ಅವನ ಕುತ್ತಿಗೆಯ ನರ ಉಬ್ಬಿತ್ತು. ನೊರ್ಮತ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮಸೀದಿಯ ಅಂಗಳದಲ್ಲಿ ಪ್ರಾರ್ಥನೆಗೆ ನಿಂತರು. ಅವನು ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತು ಉಸಿರು ಕೂಡಿಸಿಕೊಂಡ. ಮತ್ತೆ ಹೊರಟರು. ಗುಡ್ಡದ ಬುಡ. ಏಳುನೂರು.

ಏರಿನ ಮೇಲೆ ಮೂವತ್ತು ಹೆಜ್ಜೆ ಆಗಿರಬಹುದು. ಎಡ ಮೊಣಕಾಲು ಚುಚ್ಚಿತು. ಸೂಜಿಯ ಹಾಗೆ, ಒಂದೇ ಕಡೆ.

ನೊರ್ಮತ್ ನಿಂತ. ನಿಂತು, ದಾರಿಯ ಬದಿಗೆ ಸರಿದ.

ಚಟ್ಟ ಅವನ ಹತ್ತಿರ ಬಂತು. ಗಂಡಸರು ಇಮಾಮರ ಮುಖ ನೋಡಿದರು. "ಶವ ಕಾಯಬಾರದು" ಅಂದರು ಇಮಾಮರು. ನೊರ್ಮತ್ ತಲೆಯಾಡಿಸಿ ಕೈಯಿಂದ ದಾರಿ ತೋರಿಸಿದ. ತಾಯಿ ಅವನನ್ನು ದಾಟಿ ಮೇಲೆ ಹೋದರು. ಬೋರಿ ದಾಟುವಾಗ, "ಹೇಳಿರಲಿಲ್ವಾ" ಅಂದ. ವ್ಯಾನಿನವನು ಪಕ್ಕಕ್ಕೆ ಬಂದು ಬಾಗಿಲು ತೆಗೆದ.

"ಹತ್ತಿ ನೊರ್ಮತ್ ಅಕಾ. ಯಾರು ಏನಂತಾರೆ? ನಿಮ್ಮ ಕೈಲಾದಷ್ಟು ಮಾಡಿದ್ರಿ."

"ನೀನು ಹೋಗು ತಮ್ಮ."

"ಮಣ್ಣು ಹಾಕೋ ಹೊತ್ತಿಗೆ ಇಲ್ದಿದ್ರೆ?"

"ಹೋಗು ಅಂದೆನಲ್ಲ."

ವ್ಯಾನು ಹೋಯಿತು. ದಾರಿಯಲ್ಲಿ ಅವನೊಬ್ಬನೇ ಉಳಿದ. ಓಡಿದರೆ ಮೊಣಕಾಲು ಮತ್ತೆ ಅದೇ ದಿಕ್ಕಿಗೆ ಹೋಗುತ್ತದೆ, ಆಗ ಇನ್ನು ಮೇಲೆ ಹೋಗುವ ಮಾತೇ ಇಲ್ಲ, ಅದು ಅವನಿಗೆ ಗೊತ್ತಿತ್ತು. ನಿಂತ. ಚುಚ್ಚು ಮಂಕಾಗುವವರೆಗೆ ನಿಂತ. ಎಡಗಾಲಿನ ಭಾರವನ್ನು ಊರುಗೋಲಿಗೆ ಕೊಟ್ಟು ಹತ್ತು ಹೆಜ್ಜೆ ಹಾಕಿದ, ಸಣ್ಣ ಸಣ್ಣವು. ನಿಂತ. "ಅಯ್ಯೋ ನನ್ನವ್ವ, ನನ್ನ ಬಾಗಿಲ ದೀಪ ಹೋಯ್ತಲ್ಲ" ಎಂದು ಅಂದು ನೋಡಿದ, ಕೇಳುವವರು ಯಾರೂ ಇಲ್ಲದಿದ್ದರೂ. ಪೂರ್ತಿ ಬಂತು. ಇನ್ನು ಹತ್ತು. ಮತ್ತೆ ನಿಂತ. ಮೇಲಿನಿಂದ ಗುದ್ದಲಿಯ ಸದ್ದು ಕೇಳುತ್ತಿತ್ತು. ಒಂದು ಸಲ ಅದು ನಿಂತಾಗ ಅವನು ತಲೆ ಎತ್ತಿ ಮೇಲೆ ನೋಡಿದ, ಆದರೂ ಹೆಜ್ಜೆ ಬಿರುಸು ಮಾಡಲಿಲ್ಲ.

ಮೇಲೆ, ಶವ ಇಟ್ಟ ಗೋರಿಯ ಒಳಗೂಡಿಗೆ ಹಸಿ ಇಟ್ಟಿಗೆ ಮುಚ್ಚಿ ಮುಗಿದಿತ್ತು. ಮೊದಲ ಹಿಡಿ ಮಣ್ಣು ಮಗನದು. ಗಂಡಸರು ಸನಿಕೆ ಹಿಡಿದು ನಿಂತಿದ್ದರು.

"ಹಾಕಿಬಿಡೋಣ" ಅಂದ ಬೋರಿ. "ಅವನು ಬರಲ್ಲ. ಎಲ್ಲೋ ಬಿದ್ದಿರ್ತಾನೆ."

ಇಮಾಮರು ದಾರಿಯ ಕಡೆ ನೋಡುತ್ತಿದ್ದರು. ತಿರುವಿನಲ್ಲಿ ಮೊದಲು ಟೋಪಿ, ಆಮೇಲೆ ಹೆಗಲು ಕಂಡಿತು. ಹತ್ತು ಹೆಜ್ಜೆ, ನಿಂತಿತು. ಮತ್ತೆ ಹತ್ತು. "ಶವ ಕಾಯಬಾರದು" ಅಂದರು ಇಮಾಮರು, "ಮಣ್ಣು ಕಾಯಬಹುದು." ಸನಿಕೆಗಳು ಕೆಳಗಿಳಿದವು. ಇಡೀ ಮೊಹಲ್ಲಾದ ಗಂಡಸರು, ಕೆನೆ ಇಟ್ಟವರು, ಕಾಲುವೆಯ ನೀರಿನ ಮಾತಾಡಿದವರು, ಬಿಸಿಲಿನಲ್ಲಿ ಬಾಯಿಮುಚ್ಚಿ ನಿಂತು ಅವನಿಗಾಗಿ ಕಾದೆವು. ಅಷ್ಟು ಹೊತ್ತು ಯಾರನ್ನೂ ನೋಡಿ ನಗದೆ ನಿಂತದ್ದು ನಮಗೂ ಒಂದು ವ್ಯಾಯಾಮವೇ ಆಗಿತ್ತು.

ನೊರ್ಮತ್ ಬಂದ. ಬಗ್ಗಿ ಮಣ್ಣು ತೆಗೆದುಕೊಳ್ಳುವುದು ಅವನಿಂದಾಗಲಿಲ್ಲ. ಗೋರಿ ತೋಡುವವನು ಅವನ ಅಂಗೈಗೆ ಒಂದು ಹಿಡಿ ಕೊಟ್ಟ. ಹಾಕಿದ.

ಮನೆಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಗುಡ್ಡದಿಂದ ಮೊದಲು ಇಳಿದು ಬಂದವನು ಬೋರಿ. ಬಾಗಿಲಲ್ಲಿ ಕೈ ತೊಳೆಯಲು ನಿಂತ. ಇನೊಬತ್ ಹೂಜಿ ಹಿಡಿದು ಬಂದಳು, ಆದರೆ ನೀರು ಹೊಯ್ಯಲಿಲ್ಲ.

"ಪೈಲ್ವಾನರೇ, ಇವರು?"

"ಹಿಂದೆ ಬಿದ್ದ" ಅಂದ ಬೋರಿ. "ಏರಲ್ಲೇ ನಿಂತುಬಿಟ್ಟ. ಚಟ್ಟ ದಾಟಿ ಹೋಯ್ತು."

ಇನೊಬತ್ ಹೂಜಿಯನ್ನು ಎತ್ತಿಯೇ ಹಿಡಿದಿದ್ದಳು.

"ಆಮೇಲೆ ಯಾವುದ್ರಲ್ಲಿ ಬಂದ್ರು?"

ಬೋರಿ ಕೈಗಳನ್ನು ಚಾಚಿಕೊಂಡೇ ನಿಂತಿದ್ದ, ಬೆರಳಿಗೆ ಮಣ್ಣು ಮೆತ್ತಿತ್ತು. "ಯಾವುದ್ರಲ್ಲಿ ಬರ್ತಾನೆ. ನಡ್ಕೊಂಡು ಬಂದ."

"ಪೂರ್ತಿ?"

"ಪೂರ್ತಿ ತಾಯಿ, ಪೂರ್ತಿ. ನಮ್ಮನ್ನೆಲ್ಲ ಬಿಸಿಲಲ್ಲಿ ಒಣಗಿಸಿ ಬಂದ. ನೀರು ಹಾಕ್ತೀಯೋ ಇಲ್ವೋ?"

ಇನೊಬತ್ ಹೂಜಿಯನ್ನು ಅವನ ಕಾಲ ಬಳಿ ಇಟ್ಟಳು. ಒಳಗೆ ಹೋದಳು. ಅತ್ತೆಯನ್ನು ಮೀಯಿಸಿದ ಕೋಣೆಯಲ್ಲಿ ಪದ್ಧತಿಯಂತೆ ದೀಪ ಹಚ್ಚಿಟ್ಟಿದ್ದರು. ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಪಕ್ಕದ ಮನೆಯವರಿಗೆ ಸುದ್ದಿ ಹೇಳುವ ದನಿಯಲ್ಲಿ, "ಅತ್ತೆ, ನಡ್ಕೊಂಡೇ ಬಂದ್ರಂತೆ" ಅಂದಳು.